ಬಂಕ್‌ನಲ್ಲಿ ನಿಂತು ಕಲಿತ ಬಜೆಟ್

ರಾತ್ರಿ ಹತ್ತರ ನಂತರ ನಮ್ಮ ಪೆಟ್ರೋಲ್ ಬಂಕ್‌ಗೆ ಬರುವ ಗಾಡಿಗಳ ನಂಬರ್ ಪ್ಲೇಟ್ ನೋಡಿದರೆ ನಾನು ಯಾವ ರಾಜ್ಯದಲ್ಲಿ ನಿಂತಿದ್ದೇನೆ ಎಂಬ ಅನುಮಾನ ನನಗೇ ಬರುತ್ತದೆ. ಹತ್ತು ಗಾಡಿ ಬಂದರೆ ಆರಕ್ಕೆ ‘ಎಪಿ’. ‘ಫುಲ್ ಕೊಟ್ಟು ತಮ್ಮುಡೂ’ ಎನ್ನುತ್ತಾ ಟ್ಯಾಂಕಿನ ಮುಚ್ಚಳ ತೆಗೆಯುತ್ತಾರೆ. ನಾನು ‘ಜೀರೋ ಚೂಡಣ್ಣಾ’ ಎಂದು ಮೀಟರ್ ತೋರಿಸಿ ಪೆಟ್ರೋಲ್ ಬಿಡುತ್ತೇನೆ. ಫುಲ್ ಆದ ಮೇಲೂ ಕೆಲವರು ಬೈಕನ್ನು ಒಂದು ಸಲ ಅಲುಗಾಡಿಸಿ, ‘ಇನ್ನೊಂಚೂರು ಹಿಡಿಯುತ್ತೆ ನೋಡು’ ಎನ್ನುತ್ತಾರೆ. ಗಡಿ ದಾಟಿ ಬಂದ ಖರ್ಚು ಹುಟ್ಟಬೇಕಲ್ಲ!

ನಮ್ಮೂರು ವೈ.ಎನ್.ಹೊಸಕೋಟೆ. ಪೂರ್ತಿ ಹೇಳಿದರೆ ಯಲ್ಲಪ್ಪನಾಯಕನ ಹೊಸಕೋಟೆ. ಪಾವಗಡ ತಾಲ್ಲೂಕನ್ನು ನಕ್ಷೆಯಲ್ಲಿ ನೋಡಿದವರಿಗೆ ಗೊತ್ತು, ತುಮಕೂರು ಜಿಲ್ಲೆಯಿಂದ ಕತ್ತರಿಸಿ ಆಂಧ್ರದ ಹೊಟ್ಟೆಯೊಳಗೆ ಅಂಟಿಸಿದ ಹಾಗಿದೆ. ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯಲ್ಲೂ ಸ್ವಲ್ಪ ದೂರ ಆಂಧ್ರದ ನೆಲ ತುಳಿಯಬೇಕು. ಮದುವೆ ಸಂಬಂಧ ಆ ಕಡೆಗೆ, ಸಂತೆ ಈ ಕಡೆಗೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು.

ಬಿ.ಕಾಂ. ಮುಗಿಸಿ ಮೂರು ವರ್ಷವಾಯಿತು. ಹಗಲು ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದು, ರಾತ್ರಿ ಬಂಕ್‌ನಲ್ಲಿ ಕೆಲಸ. ಗಾಡಿ ಇಲ್ಲದ ಹೊತ್ತಿನಲ್ಲಿ ಆಯಿಲ್ ಡಬ್ಬಿಗಳ ಪಕ್ಕದ ಕುರ್ಚಿಯಲ್ಲಿ ಕೂತು ಅರ್ಥಶಾಸ್ತ್ರದ ಗೈಡ್ ಓದುತ್ತೇನೆ. ‘ರಾಜಸ್ವ ಕೊರತೆ ಎಂದರೇನು?’, ‘ವಿತ್ತೀಯ ಕೊರತೆ ಎಂದರೇನು?’ ಎರಡನ್ನೂ ಉರು ಹೊಡೆದಿದ್ದೆ. ಉರು ಹೊಡೆದದ್ದು ಅರ್ಥವಾದದ್ದು ಮಾತ್ರ ಪುಸ್ತಕದಿಂದಲ್ಲ, ಪಕ್ಕದ ಪಂಪಿನಿಂದ.

ಆಂಧ್ರದವರು ಇಲ್ಲಿಗೆ ಯಾಕೆ ಬರುತ್ತಾರೆ? ಅಲ್ಲಿ ಪೆಟ್ರೋಲ್ ಮೇಲೆ ರಾಜ್ಯದ ವ್ಯಾಟ್ ಶೇ 31. ಅದರ ಮೇಲೆ ಲೀಟರಿಗೆ 4 ರೂಪಾಯಿ ಹೆಚ್ಚುವರಿ, ಮತ್ತೆ 1 ರೂಪಾಯಿ ರಸ್ತೆ ಸೆಸ್. 2014ರಲ್ಲಿ ರಾಜ್ಯ ಇಬ್ಭಾಗವಾಗಿ ಹೈದರಾಬಾದ್ ಕೈತಪ್ಪಿದ ಮೇಲೆ ಅವರ ಖಜಾನೆ ಸುಧಾರಿಸಿಕೊಂಡಿದ್ದೇ ಇಲ್ಲ. ಪಕ್ಷ ಬದಲಾಯಿತು, ಮುಖ್ಯಮಂತ್ರಿಗಳು ಬದಲಾದರು, ಪಂಪಿನ ದರ ಮಾತ್ರ ಇಳಿಯಲಿಲ್ಲ. ಹಾಗಾಗಿ ಗಡಿಯ ಈ ಬದಿಯ ಬಂಕ್‌ಗಳಿಗೆ ಸುಗ್ಗಿ. ಕರ್ನಾಟಕದ ದರ ಕಡಿಮೆ ಎಂದು ತೆಲುಗಿನಲ್ಲಿ ಬೋರ್ಡ್ ಹಾಕಿ ಕರೆಯುವ ಬಂಕ್‌ಗಳೂ ಇವೆ.

2024ರ ಜೂನ್ 15, ಶನಿವಾರ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. ಎರಡೂ ಲೀಟರಿಗೆ ಹೆಚ್ಚುಕಡಿಮೆ 3 ರೂಪಾಯಿ ಜಾಸ್ತಿ. ಸುದ್ದಿ ಮೊಬೈಲಿಗೆ ಬಂದಾಗ ನಮ್ಮ ಮಾಲೀಕರು ಬೈದದ್ದು ಸರ್ಕಾರವನ್ನಲ್ಲ, ಲೆಕ್ಕವನ್ನು. ‘ಆ ಕಡೆಗೂ ಈ ಕಡೆಗೂ ಒಂಬತ್ತು ಹತ್ತು ರೂಪಾಯಿ ವ್ಯತ್ಯಾಸ ಇತ್ತು ಕಣೋ. ಈಗ ಆರೇಳು. ಹತ್ತು ಕಿಲೋಮೀಟ್ರು ದೂರದೋನು ಬರ್ತಾನೆ. ಇಪ್ಪತ್ತು ಕಿಲೋಮೀಟ್ರು ದೂರದೋನು ಯೋಚ್ನೆ ಮಾಡ್ತಾನೆ.’ 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಮತ್ತೆ ಶೇ 21.17ಕ್ಕೆ ಏರಿತು, ಇನ್ನೊಂದು 2 ರೂಪಾಯಿ. ದೂರದಿಂದ ಬರುತ್ತಿದ್ದ ಕೆಲವು ಲಾರಿಗಳ ಮುಖ ನಾನು ಆಮೇಲೆ ನೋಡಿಲ್ಲ.

ಬೆಂಗಳೂರಿನಲ್ಲಿ ಕೂತವರಿಗೆ ತೆರಿಗೆ ಏರಿದರೆ ಬೇರೆ ದಾರಿಯಿಲ್ಲ, ಹಾಕಿಸಲೇಬೇಕು. ಗಡಿಯಲ್ಲಿ ಹಾಗಲ್ಲ. ಇಲ್ಲಿ ಪ್ರತಿ ತೆರಿಗೆಗೂ ಒಂದು ದೂರ ಇರುತ್ತದೆ. ಇಷ್ಟು ರೂಪಾಯಿ ಉಳಿಯುವುದಾದರೆ ಇಷ್ಟು ಕಿಲೋಮೀಟರ್ ಹೋಗಬಹುದು ಎಂಬ ಲೆಕ್ಕ ಗಡಿಯ ಪ್ರತಿ ಬೈಕ್ ಸವಾರನಿಗೂ ಬಾಯಿಪಾಠ. ಅರ್ಥಶಾಸ್ತ್ರಜ್ಞರು ಇದಕ್ಕೊಂದು ದೊಡ್ಡ ಹೆಸರು ಇಟ್ಟಿದ್ದಾರೆ. ನಮ್ಮ ಗಿರಾಕಿಗಳಿಗೆ ಆ ಹೆಸರಿನ ಹಂಗಿಲ್ಲ.

ಮದ್ಯದ್ದೂ ಇದೇ ಕತೆ, ಸ್ವಲ್ಪ ಉಲ್ಟಾ. 2019ರಿಂದ ಐದು ವರ್ಷ ಆಂಧ್ರದಲ್ಲಿ ಸರ್ಕಾರವೇ ಮದ್ಯದಂಗಡಿ ನಡೆಸಿತು. ದರ ವಿಪರೀತ, ಬೇಕಾದ ಬ್ರ್ಯಾಂಡ್ ಇಲ್ಲ. ಆಗ ಇಲ್ಲಿನ ಟೆಟ್ರಾ ಪ್ಯಾಕ್‌ಗಳು ಗೋಣಿಚೀಲಗಟ್ಟಲೆ ಗಡಿ ದಾಟಿದವು. ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಅವರವರಿಗೇ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ತೆರೆದು 99 ರೂಪಾಯಿಗೆ ಕ್ವಾರ್ಟರ್ ಸಿಗತೊಡಗಿತು. ಇತ್ತ ನಮ್ಮಲ್ಲಿ ಅಬಕಾರಿ ಸುಂಕ ಏರುತ್ತಲೇ ಹೋಯಿತು. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದಲೇ 40,000 ಕೋಟಿ ರೂಪಾಯಿ ಬರಬೇಕೆಂಬ ಗುರಿ ಇತ್ತು. ಕುಡಿತ ಕೆಟ್ಟದ್ದು ಎಂದು ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವನು ನಾನು. ಈಗ ಆ 40,000 ಕೋಟಿಯಲ್ಲಿ ಒಂದು ಸಂಬಳ ನನ್ನದಾಗಲಿ ಎಂದು ಓದುತ್ತಿದ್ದೇನೆ.

ಸರ್ಕಾರಕ್ಕೆ ದುಡ್ಡು ಸಾಲದೆ ಬಂದಾಗ ಪೆಟ್ರೋಲ್, ಮದ್ಯ, ಛಾಪಾ ಕಾಗದವೇ ಯಾಕೆ ನೆನಪಾಗುತ್ತವೆ ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಸೋಪಿಗೆ ಎಷ್ಟು, ಸೀರೆಗೆ ಎಷ್ಟು ಎಂದು ಯಾವ ರಾಜ್ಯವೂ ತಾನೊಂದೇ ತೀರ್ಮಾನಿಸುವಂತಿಲ್ಲ. ದರ ಇಡೀ ದೇಶಕ್ಕೆ ಒಂದೇ. ನಷ್ಟವಾದರೆ ತುಂಬಿಕೊಡುತ್ತೇವೆ ಎಂದು ಕೇಂದ್ರ ಒಪ್ಪಿದ್ದ ಐದು ವರ್ಷದ ಗಡುವೂ 2022ರ ಜೂನ್‌ಗೆ ಮುಗಿಯಿತು. ಇನ್ನು ರಾಜ್ಯದ ಕೈಯಲ್ಲಿ ಉಳಿದ ದೊಡ್ಡ ಬಾಬ್ತುಗಳು ಬೆರಳೆಣಿಕೆಯವು: ಪೆಟ್ರೋಲ್–ಡೀಸೆಲ್, ಮದ್ಯ, ನೋಂದಣಿ ಮತ್ತು ಮುದ್ರಾಂಕ ಶುಲ್ಕ, ವಾಹನ ತೆರಿಗೆ. ತಿರುಗಿಸಲು ಇರುವುದೇ ನಾಲ್ಕು ನಲ್ಲಿ. ದುಡ್ಡು ಬೇಕಾದಾಗಲೆಲ್ಲ ಅವನ್ನೇ ತಿರುಗಿಸಬೇಕು. ಹೋದ ವರ್ಷ ಒಂದು ಪ್ರಮಾಣಪತ್ರಕ್ಕೆ ಅಫಿಡವಿಟ್ ಮಾಡಿಸಲು ಹೋದಾಗ 20 ರೂಪಾಯಿ ಛಾಪಾ ಕಾಗದದ ಜಾಗದಲ್ಲಿ 100 ರೂಪಾಯಿಯದ್ದು ಕೇಳಿದರು. ಅಲ್ಲಿ ತಿರುಗಿದ್ದು ಮೂರನೇ ನಲ್ಲಿ.

ದುಡ್ಡು ಎಷ್ಟು ಸಾಲದು? ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ 7ರಂದು ಮಂಡಿಸಿದ ಬಜೆಟ್‌ನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ಕೊರತೆ 19,262 ಕೋಟಿ. ವರ್ಷದಲ್ಲಿ ತರಬೇಕಾದ ಸಾಲ 1.16 ಲಕ್ಷ ಕೋಟಿ. ಹಳೆಯ ಸಾಲಕ್ಕೆ ಬಡ್ಡಿಯೇ 45 ಸಾವಿರ ಕೋಟಿಯ ಮೇಲೆ. ಐದು ಗ್ಯಾರಂಟಿಗಳಿಗೆ 51,034 ಕೋಟಿ. ಇಷ್ಟೆಲ್ಲ ಆದರೂ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ಅಂದರೆ ಕಾನೂನು ಹಾಕಿದ ಶೇ 3ರ ಗೆರೆಯ ಒಳಗೆ, ಕೂದಲೆಳೆಯಷ್ಟು ಒಳಗೆ. ಈ ಬಗೆಯ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು. 2004–05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಉಳಿಕೆಯಲ್ಲೇ ಇದ್ದದ್ದೂ ನಮ್ಮದೇ.

ಈ ಎರಡು ಕೊರತೆಗಳ ವ್ಯತ್ಯಾಸವನ್ನು ಗೈಡ್ ಒಂದೂವರೆ ಪುಟದಲ್ಲಿ ಹೇಳಿದೆ. ನಮ್ಮಪ್ಪ ಒಂದು ಮಾತಿನಲ್ಲಿ ಹೇಳಿದರು. ಅಪ್ಪ ಮಗ್ಗದವರು. ನಮ್ಮೂರು ರೇಷ್ಮೆ ಸೀರೆಗೆ ಹೆಸರಾದದ್ದು. ನಮ್ಮ ಬೀದಿಯಲ್ಲಿ ಲಾಳಿಯ ಸದ್ದು ನಿಂತ ಮನೆಗಳೇ ಈಗ ಹೆಚ್ಚು. ‘ಸಾಲ ಮಾಡಿ ಮಗ್ಗ ಹಾಕಿದ್ರೆ ಅದು ಬೇರೆ ಲೆಕ್ಕ ಕಣಪ್ಪ, ಮಗ್ಗನೇ ಸಾಲ ತೀರಿಸ್ತೈತೆ. ಸಾಲ ಮಾಡಿ ರೇಷನ್ ತಂದ್ರೆ ಬೇರೆ ಲೆಕ್ಕ. ತಿಂದ್ಮೇಲೆ ಸಾಲ ಒಂದೇ ಉಳೀತೈತೆ’ ಎಂದರು. ಮಗ್ಗಕ್ಕೆ ಮಾಡಿದ ಸಾಲವೂ ಸೇರಿದರೆ ವಿತ್ತೀಯ ಕೊರತೆ. ರೇಷನ್ನಿಗೇ ದುಡಿಮೆ ಸಾಲದಿದ್ದರೆ ರಾಜಸ್ವ ಕೊರತೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರೋ ಇಲ್ಲವೋ.

ಆದರೆ ಅಪ್ಪನ ಮಾತಿಗೆ ಅಮ್ಮನ ತಕರಾರಿದೆ. ‘ರೇಷನ್ ತಿನ್ನದೆ ಮಗ್ಗ ತುಳೀತೀರಾ?’

ಅಮ್ಮನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಸರಿಯಾದ ತಿಂಗಳಿಗೆ ಬರುತ್ತದೆ ಎಂದು ಹೇಳಲಾರೆ. ಒಮ್ಮೊಮ್ಮೆ ಎರಡು ಮೂರು ತಿಂಗಳು ಸುಮ್ಮನಿದ್ದು ಒಂದು ಕಂತು ಬೀಳುತ್ತದೆ. ‘ಮೊಬೈಲ್ನಾಗೆ ನೋಡೋ, ಬಂದೈತಾ?’ ಎಂದು ದಿನಾ ಕೇಳುವುದು ಅವಳ ಅಭ್ಯಾಸ. ಬಂದ ದುಡ್ಡಿನಲ್ಲಿ ಮೊದಲ ವರ್ಷ ನನ್ನ ಪುಸ್ತಕಗಳು ಬಂದವು, ಆಮೇಲೆ ತಂಗಿಯ ಕಾಲೇಜು ಶುಲ್ಕ. ಗ್ಯಾರಂಟಿಗಳಿಂದ ಜನ ಸೋಮಾರಿಗಳಾದರು ಎಂದು ಟಿ.ವಿ.ಯಲ್ಲಿ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ರಾಟೆ ಮುಂದೆ ಕೂರುವುದು 2,000 ರೂಪಾಯಿ ಬಂದ ಮೇಲೂ ತಪ್ಪಿಲ್ಲ.

ಒಂದು ರಾತ್ರಿ ಬಂಕ್‌ನ ರಸೀದಿ ಪುಸ್ತಕದ ಹಿಂಬದಿಯಲ್ಲಿ ಮನೆಯದ್ದೇ ಒಂದು ಬಜೆಟ್ ಬರೆದೆ. ಬಂದದ್ದು: ವರ್ಷಕ್ಕೆ 24,000, ಎಲ್ಲ ಕಂತೂ ಬಂದರೆ. ಸೊನ್ನೆ ಬಂದ ಕರೆಂಟ್ ಬಿಲ್. ಅಮ್ಮ ಸರ್ಕಾರಿ ಬಸ್ ಸಿಕ್ಕ ದಿನ ಉಳಿಸಿದ ಟಿಕೆಟ್. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿಯಾದ್ದರಿಂದ ಇದು ದೊಡ್ಡ ಮೊತ್ತವಲ್ಲ. ಹೋದದ್ದು: 2025ರ ಜನವರಿಯಲ್ಲಿ ಏರಿದ ಬಸ್ ದರ ಶೇ 15, ಅದು ಅಪ್ಪನಿಗೂ ನನಗೂ. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ. ಎರಡು ಎಕರೆ ಕಡಲೆಕಾಯಿ ಹೊಲ ಉಳುವುದಕ್ಕೆ ಟ್ರ್ಯಾಕ್ಟರಿನವನು ಗಂಟೆಗೆ ಏರಿಸಿದ 100. ಅವನನ್ನು ಕೇಳಿದರೆ ‘ಡೀಸೆಲ್ ನೀನೇ ಹಾಕ್ತೀಯಲ್ಲ, ನಿನಗೆ ಗೊತ್ತಿಲ್ವ?’ ಎನ್ನುತ್ತಾನೆ. ಕೂಡಿ ಕಳೆದರೆ ಮನೆಗೆ ಲಾಭವೇ ಉಳಿಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ನಮ್ಮ ಪಕ್ಕದ ಮನೆಯಲ್ಲಿ ಇರುವುದು ಒಬ್ಬ ಹುಡುಗ, ಅವನ ತಂದೆ. ತಾಯಿ ಇಲ್ಲ. ಆ ಮನೆಯ ಲೆಕ್ಕದಲ್ಲಿ ‘ಹೋದದ್ದು’ ಎಂಬ ಸಾಲೆಲ್ಲ ನಮ್ಮದರಷ್ಟೇ ಉದ್ದ, ‘ಬಂದದ್ದು’ ಎಂಬಲ್ಲಿ ಅಕ್ಕಿ, ಕರೆಂಟು ಬಿಟ್ಟರೆ ಬೇರೇನಿಲ್ಲ.

ಇನ್ನು ನಮ್ಮ ಇಬ್ಬರು ಅಜ್ಜಿಯರ ವಿಚಾರ. ಅಪ್ಪನ ತಾಯಿ ನಮ್ಮ ಜೊತೆಗೇ ಇದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. ಅಮ್ಮನ ತಾಯಿ ಗಡಿಯಾಚೆ ಕಲ್ಯಾಣದುರ್ಗದ ಕಡೆಯ ಹಳ್ಳಿಯಲ್ಲಿದ್ದಾರೆ. ಅವರಿಗೆ 4,000 ರೂಪಾಯಿ. 2024ರ ಜುಲೈನಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ 3,000 ಇದ್ದದ್ದನ್ನು 4,000ಕ್ಕೆ ಏರಿಸಿ, ಹಿಂದಿನ ಮೂರು ತಿಂಗಳ ಬಾಕಿಯನ್ನೂ ಸೇರಿಸಿ ಒಟ್ಟಿಗೆ 7,000 ಮನೆ ಬಾಗಿಲಿಗೇ ತಲುಪಿಸಿತು. ಆ ತಿಂಗಳು ಆಚೆ ಅಜ್ಜಿ ನಮ್ಮೂರಿಗೆ ಬಂದವರು ಮೂರು ದಿನ ಅದೇ ಮಾತು. ಈಚೆ ಅಜ್ಜಿಗೆ ತಡೆಯಲಾಗಲಿಲ್ಲ.

‘ನಮ್ಮ ಸೊಸೆಗೆ ಎರಡು ಸಾವಿರ ಬರ್ತೈತೆ, ನಿಮ್ ಸೊಸೆಗೆ ಏನು ಬರ್ತೈತೆ?’

‘ನಾಕೇ ನಾಲುಗು ವೇಲು ವಸ್ತೇ ಸೊಸೆಗೆ ಯಾಕಮ್ಮ? ನಾನೇ ಕೊಡ್ತೀನಿ!’

ಈ ಜಗಳ ಒಂದೂವರೆ ವರ್ಷದಿಂದ ನಡೆಯುತ್ತಿದೆ. ಮಧ್ಯೆ ಆಚೆಯವರಿಗೂ ಹೆಂಗಸರ ಉಚಿತ ಬಸ್ ಬಂತು, 2025ರ ಆಗಸ್ಟ್ 15ರಿಂದ. ಶಾಲೆಗೆ ಹೋಗುವ ಮಕ್ಕಳ ತಾಯಂದಿರಿಗೆ ಮಗುವಿಗೆ 15,000ದ ಯೋಜನೆಯೂ ಬಂತು. ಈಚೆ ಅಜ್ಜಿ ಒಂದು ದಿನ ನನ್ನನ್ನು ಕರೆದು, ‘ಅವರಿಗೆ ಅಷ್ಟು ದುಡ್ಡು ಎಲ್ಲಿಂದ ಬರ್ತೈತಪ್ಪ?’ ಎಂದು ಕೇಳಿದರು. ನಾನು ನೋಡಿ ಹೇಳಿದೆ: ಆಂಧ್ರದ 2025–26ರ ಬಜೆಟ್ 3.22 ಲಕ್ಷ ಕೋಟಿ, ನಮ್ಮದಕ್ಕಿಂತ ಚಿಕ್ಕದು. ರಾಜಸ್ವ ಕೊರತೆ ಮಾತ್ರ 33,185 ಕೋಟಿ, ನಮ್ಮದಕ್ಕಿಂತ ಬಹಳ ದೊಡ್ಡದು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಸಾಲದ ದುಡ್ಡಿಗೆ ಅಷ್ಟು ಮೆರೀತಾಳಾ?’ ಎಂದರು. ನಮ್ಮದೂ ಸಾಲವೇ ಎಂದು ನಾನು ಹೇಳಲು ಹೋಗಲಿಲ್ಲ.

ನಮ್ಮ ಸರ್ಕಾರದ್ದೂ ಒಂದು ದೂರು ಇದೆ, ಅದು ಸುಳ್ಳಲ್ಲ. ಕೇಂದ್ರ ಹಂಚುವ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713 ಪಾಲು ಕೊಟ್ಟಿತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ನಾನು ಬಿಡುವ ಒಂದು ಲೀಟರ್ ಪೆಟ್ರೋಲ್‌ನಲ್ಲಿ ಕೇಂದ್ರಕ್ಕೆ ಹೋಗುವ ಅಬಕಾರಿ ಸುಂಕ 2025ರ ಕೊನೆಗೆ ಸುಮಾರು 22 ರೂಪಾಯಿ ಇತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಉಳಿದದ್ದು ಸೆಸ್, ಹೆಚ್ಚುವರಿ ಸುಂಕ ಎಂಬ ಹೆಸರಿನಲ್ಲಿ ದೆಹಲಿಯಲ್ಲೇ ಉಳಿಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಎಂದು ಓದಿದ್ದೂ ಓದಿದ್ದೇ ಆಯಿತು. 2024ರ ಫೆಬ್ರುವರಿಯಲ್ಲಿ ಇಡೀ ಸಂಪುಟ ದೆಹಲಿಯ ಜಂತರ್ ಮಂತರ್‌ಗೆ ಹೋಗಿ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕೂತಾಗ ನಾನೂ ವಾಟ್ಸ್‌ಆ್ಯಪ್‌ನಲ್ಲಿ ಆ ಸಾಲನ್ನು ಸ್ಟೇಟಸ್ ಹಾಕಿದ್ದೆ.

ಹಾಕಿ ಎರಡು ಗಂಟೆಯಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯನೊಬ್ಬ ಉತ್ತರ ಕಳಿಸಿದ: ‘ಹಾಗಾದರೆ ನನ್ನ ತೆರಿಗೆ ಪಾವಗಡಕ್ಕೆ ಯಾಕೆ ಬರಬೇಕು ಮಗಾ?’ ತಮಾಷೆಗೇ ಹೇಳಿದ್ದು. ಆದರೆ ನಿದ್ದೆ ಬರಲಿಲ್ಲ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು. ದೆಹಲಿಯ ಮುಂದೆ ಕರ್ನಾಟಕ ಏನು ವಾದಿಸುತ್ತದೆಯೋ ಅದನ್ನೇ ಬೆಂಗಳೂರು ಕರ್ನಾಟಕದ ಮುಂದೆ ವಾದಿಸಿದರೆ ನಮ್ಮ ಗತಿಯೇನು? ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಊರುಗಳಿಗೆ ಎರಡು ಸಾವಿರ ಕೋಟಿಗೂ ಹೆಚ್ಚು ಖರ್ಚು ಮಾಡಿ ತುಂಗಭದ್ರೆಯ ಹಿನ್ನೀರು ತಂದದ್ದು ನಾವು ಕಟ್ಟಿದ ತೆರಿಗೆಯಲ್ಲಂತೂ ಅಲ್ಲ. ದೆಹಲಿಯ ಲೆಕ್ಕದಲ್ಲಿ ಬಿಹಾರ ಹೇಗೋ, ಬೆಂಗಳೂರಿನ ಲೆಕ್ಕದಲ್ಲಿ ನಾವು ಹಾಗೆ. ಕರ್ನಾಟಕಕ್ಕೆ ಅನ್ಯಾಯವಾಗಿದೆ ಎಂಬ ಮಾತನ್ನು ನಾನು ಈಗಲೂ ಒಪ್ಪುತ್ತೇನೆ. ಸ್ಟೇಟಸ್ ಮಾತ್ರ ಆವತ್ತೇ ತೆಗೆದೆ.

ತೆರಿಗೆ ಕಟ್ಟದಿದ್ದರೂ ತೆರಿಗೆಯ ಭಯ ನಮ್ಮೂರಿಗೆ ತಪ್ಪಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ವರ್ಷಕ್ಕೆ 40 ಲಕ್ಷ ದಾಟಿದ ವಹಿವಾಟಿನವರಿಗೆ ಅದು. ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನ ಜೀವಮಾನದ ವ್ಯಾಪಾರ ಸೇರಿಸಿದರೂ ಅಷ್ಟಾಗುವುದು ಅನುಮಾನ. ಅವನೂ ಸ್ಕ್ಯಾನರ್ ಮೇಲೆ ದಿನಪತ್ರಿಕೆ ಅಂಟಿಸಿ, ‘ಕ್ಯಾಷ್ ಇದ್ರೆ ಟೀ’ ಎಂದ. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಹೇಳಿದ ಮೇಲೂ ಒಂದು ತಿಂಗಳು ಆ ಪೇಪರ್ ಅಲ್ಲೇ ಇತ್ತು. ಆ ವರ್ಷ ಇಲಾಖೆಗೆ ಕೊಟ್ಟಿದ್ದ ಗುರಿ 1.20 ಲಕ್ಷ ಕೋಟಿ. ಗುರಿ ದೊಡ್ಡದಾದಾಗ ಬಲೆಯ ಕಣ್ಣು ಸಣ್ಣದಾಗುತ್ತದೆ.

ಈ ಲೆಕ್ಕಗಳೆಲ್ಲ ನನ್ನ ಪಾಲಿಗೆ ಬಂದು ನಿಲ್ಲುವುದು ಒಂದೇ ಕಡೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆಗಳು ಖಾಲಿ ಇವೆ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ಆ ಕಾರಣ ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲಿನ ವರ್ಷಗಳಲ್ಲಿ ಆ ಕುರ್ಚಿಗಳು ಖಾಲಿ ಉಳಿದದ್ದಕ್ಕೆ ಅದು ಉತ್ತರವಲ್ಲ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಜಾರಿಯಾಯಿತು. ಅದರಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಖರ್ಚು. ಒಳಗಿರುವವರಿಗೆ ಅಷ್ಟು ಕೊಟ್ಟ ಮೇಲೆ ಹೊರಗಿರುವವರನ್ನು ಒಳಗೆ ಬಿಡಲು ಯಾವ ಸರ್ಕಾರವೂ ಅವಸರ ಮಾಡುವುದಿಲ್ಲ. ಖಾಲಿ ಹುದ್ದೆಗೆ ಸಂಬಳವಿಲ್ಲ, ಹಾಗಾಗಿ ಅದು ಬಜೆಟ್‌ನಲ್ಲಿ ಯಾರಿಗೂ ಕಾಣದ ಉಳಿತಾಯ. ಅಮ್ಮನ ಕಂತು ಒಂದು ತಿಂಗಳು ತಪ್ಪಿದರೆ ವಿಧಾನಸಭೆಯಲ್ಲಿ ಗದ್ದಲವಾಗುತ್ತದೆ. ನನ್ನ ಮೂರು ವರ್ಷ ತಪ್ಪಿದರೆ ವಯೋಮಿತಿ ಸಡಿಲಿಸುತ್ತಾರೆ. ಅಮ್ಮನ ಕಂತು ನಿಲ್ಲಿಸಿ ನನಗೆ ಕೆಲಸ ಕೊಡಿ ಎಂದು ಕೇಳುವ ಮನಸ್ಸು ನನಗಿಲ್ಲ. ಅದೇ ಕಂತಿನಲ್ಲಿ ಬಂದ ಪುಸ್ತಕ ಓದುತ್ತಾ ಇರುವವನು ಹಾಗೆ ಕೇಳುವುದಾದರೂ ಹೇಗೆ?

ಕಳೆದ ತಿಂಗಳು ಆಚೆ ಅಜ್ಜಿ ಮತ್ತೆ ಬಂದಿದ್ದರು. ಹೊರಡುವ ದಿನ ಸಂಜೆ ನಾನು ಬಂಕ್‌ಗೆ ಹೊರಟಾಗ ಹಿಂದೆಯೇ ಬಾಗಿಲವರೆಗೆ ಬಂದು, ಸೆರಗಿನ ಗಂಟು ಬಿಚ್ಚಿ ಮಡಿಸಿದ 500ರ ನೋಟು ಕೈಗಿಟ್ಟರು. ‘ಪರೀಕ್ಷೆಗೆ ಅರ್ಜಿ ಹಾಕೋದಿರ್ತೈತಲ್ಲ, ಇಟ್ಕೋ’ ಎಂದರು. ಬೇಡ ಅಜ್ಜಿ, ಇನ್ನೂ ಅರ್ಜಿ ಕರೆದಿಲ್ಲ ಎಂದೆ. ‘ಕರೆದಾಗ ಹಾಕು, ಅಲ್ಲಿವರೆಗೆ ನಿನ್ ಹತ್ರಾನೇ ಇರ್ಲಿ’ ಎಂದರು. ಈಚೆ ಅಜ್ಜಿ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದವರು, ಆವತ್ತು ಮಾತ್ರ ಏನೂ ಅನ್ನಲಿಲ್ಲ.

ಆ ನೋಟು ಈಗಲೂ ಗೈಡ್‌ನಲ್ಲಿ, ರಾಜಸ್ವ ಕೊರತೆಯ ಪುಟದಲ್ಲಿದೆ. ರಾತ್ರಿ ಓದುತ್ತಾ ಆ ಪುಟಕ್ಕೆ ಬಂದಾಗಲೆಲ್ಲ ತೆಗೆದು ನೋಡಿ ಅಲ್ಲೇ ಇಡುತ್ತೇನೆ. ಅಷ್ಟರಲ್ಲಿ ಯಾರೋ ಹಾರ್ನ್ ಮಾಡುತ್ತಾರೆ. ಎದ್ದು ಹೋಗಿ ನೋಡಿದರೆ ಎಪಿ ನಂಬರಿನ ಬೈಕು, ಮುಚ್ಚಳ ಆಗಲೇ ತೆರೆದಿರುತ್ತದೆ.